ಕೆಟ್ಟ ರಸ್ತೆಗೆ ಗಟ್ಟಿ ಗಾಡಿ ಅಂದರೆ ಫೋರ್ ವೀಲ್ ಡ್ರೈವೇ ಆಗಬೇಕೇ?

ಪ್ರಶ್ನೆ: ನಾನು ದಿನಾ ಓಡಾಡುವ ದಾರಿ ಅರ್ಧ ಡಾಂಬರು, ಅರ್ಧ ಜಲ್ಲಿ. ಮಳೆ ಬಂದರೆ ಕೆಸರು. ಹತ್ತು ವರ್ಷ ಬಾಳಿಕೆ ಬರುವ ಗಾಡಿ ಬೇಕು. ಫೋರ್ ವೀಲ್ ಡ್ರೈವ್ ಇದ್ದರೆ ಗಾಡಿ ಗಟ್ಟಿ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪಿಕಪ್ ತಗೊಳ್ಳಲೋ, ಜೀಪಿನಂಥದ್ದು ತಗೊಳ್ಳಲೋ?

ಉತ್ತರ: ಪಿಕಪ್ಪೋ ಜೀಪೋ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಆ "ಎಲ್ಲರೂ ಹೇಳುತ್ತಾರೆ" ಅನ್ನುವ ಮಾತಿಗೆ ಬರುತ್ತೇನೆ. ಬೇರೆ ಬೇರೆ ರೂಪದಲ್ಲಿ ಈ ಪ್ರಶ್ನೆ ಬರುತ್ತಲೇ ಇದೆ, ನಾನೂ ಉತ್ತರ ಬರೆಯುತ್ತಲೇ ಇದ್ದೇನೆ. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಎಂಜಿನ್ನಿನ ಬಲ ಎರಡು ಚಕ್ರಕ್ಕೆ ಹೋಗುತ್ತದೋ ನಾಲ್ಕಕ್ಕೆ ಹೋಗುತ್ತದೋ, ಫೋರ್ ವೀಲ್ ಡ್ರೈವ್ ಹೇಳುವುದು ಅಷ್ಟೇ. ಚಾಸಿಸ್ಸಿನ ಉಕ್ಕು ಎಷ್ಟು ದಪ್ಪ, ಸ್ಪ್ರಿಂಗ್ ಎಷ್ಟು ಭಾರ ತಡೆಯುತ್ತದೆ, ವೀಲ್ ಬೇರಿಂಗ್ ಎಷ್ಟು ದೊಡ್ಡದು, ಇವುಗಳಿಗೂ ಅದಕ್ಕೂ ಸಂಬಂಧವಿಲ್ಲ. ಅನುಮಾನವಿದ್ದರೆ ರಸ್ತೆಗೆ ಬಂದು ನಿಂತು ನೋಡಿ. ಅತಿ ಕೆಟ್ಟ ದಾರಿಯಲ್ಲಿ ಟನ್‌ಗಟ್ಟಲೆ ಹೊತ್ತು ವರ್ಷಗಟ್ಟಲೆ ಓಡುವ ಲಾರಿಗಳಲ್ಲಿ, ಬಸ್ಸುಗಳಲ್ಲಿ ಬಹುಪಾಲಿಗೆ ಬಲ ಹೋಗುವುದು ಹಿಂದಿನ ಚಕ್ರಗಳಿಗೆ ಮಾತ್ರ. ಅವು ಬಾಳಿಕೆ ಬರುವುದು ಚಾಸಿಸ್ಸು, ಸ್ಪ್ರಿಂಗು, ಎಕ್ಸೆಲ್ಲುಗಳನ್ನು ಹೊರೆಗೆ ತಕ್ಕಂತೆ ಮಾಡಿರುವುದರಿಂದ.

ಬಾಳಿಕೆಯ ಲೆಕ್ಕದಲ್ಲಿ ನೋಡಿದರೆ ಫೋರ್ ವೀಲ್ ಡ್ರೈವ್ ಅಂದರೆ ಸವೆಯುವ ಸಾಮಾನು ಇನ್ನಷ್ಟು ಜಾಸ್ತಿ. ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಅದನ್ನು ಎಡ, ಬಲ ಚಕ್ರಗಳಿಗೆ ಹಂಚುವ ಮುಂದಿನ ಡಿಫರೆನ್ಷಿಯಲ್, ಅಲ್ಲಿಗೆ ಬಲ ಒಯ್ಯುವ ಇನ್ನೊಂದು ಪ್ರೊಪೆಲ್ಲರ್ ಶಾಫ್ಟ್, ಅವುಗಳ ಆಯಿಲ್, ಆಯಿಲ್ ಸೀಲ್. ಮುಂದಿನ ಚಕ್ರದ ಒಳಬದಿಯಲ್ಲಿ ಮಡಿಕೆ ಮಡಿಕೆಯಾದ ಒಂದು ಕಪ್ಪು ರಬ್ಬರ್ ಬೂಟು ಕಾಣುತ್ತದೆ, ಚಕ್ರಕ್ಕೆ ಬಲ ಮುಟ್ಟಿಸುವ ಜಾಯಿಂಟಿನ ಹೊದಿಕೆ ಅದು. ಚೂಪು ಕಲ್ಲು ತಾಗಿ ಅದು ಸೀಳಿತೆಂದರೆ ಒಳಗಿನ ಗ್ರೀಸು ಹೊರಗೆ ಚಿಮ್ಮುತ್ತದೆ, ಮರಳು ಒಳಗೆ ಸೇರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಸದ್ದು ಶುರುವಾದರೆ ಜಾಯಿಂಟ್ ಹೋಯಿತೆಂದೇ ತಿಳಿಯಿರಿ. ಸೀಳಿದ ಬೂಟನ್ನು ಆಗಲೇ ಬದಲಾಯಿಸಿದ್ದರೆ ಜಾಯಿಂಟ್ ಉಳಿಯುತ್ತಿತ್ತು.

"ನಾಲ್ಕೂ ಚಕ್ರ ಎಳೆಯುತ್ತವಲ್ಲ, ಹೂತುಹೋಗುವುದಿಲ್ಲ" ಅನ್ನುವವರೂ ಇದ್ದಾರೆ. ಡಿಫರೆನ್ಷಿಯಲ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಈ ಮಾತು ಬರುವುದಿಲ್ಲ. ಸಾಮಾನ್ಯ ಡಿಫರೆನ್ಷಿಯಲ್ ಎಡ ಚಕ್ರಕ್ಕೂ ಬಲಗಡೆಯ ಚಕ್ರಕ್ಕೂ ತಿರುಗಿಸುವ ಬಲವನ್ನು ಸಮನಾಗಿ ಕೊಡುತ್ತದೆ. ಎಡ ಚಕ್ರ ಗಾಳಿಯಲ್ಲಿ ಎದ್ದು ನಿಂತಿದೆ ಅಂದುಕೊಳ್ಳಿ. ಅದನ್ನು ತಿರುಗಿಸಲು ಬಲವೇ ಬೇಡ. ಅದಕ್ಕೆ ಎಷ್ಟು ಕಡಿಮೆ ಹೋಗುತ್ತದೋ ನೆಲದ ಮೇಲಿರುವ ಬಲಗಡೆಯ ಚಕ್ರಕ್ಕೂ ಅಷ್ಟೇ ಕಡಿಮೆ ಸಿಗುತ್ತದೆ. ಕೊರಕಲು ದಾರಿಯಲ್ಲಿ ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಒಟ್ಟಿಗೆ ಎದ್ದರೆ ಆ ಎರಡೂ ಗಿರಗಿರ ತಿರುಗುತ್ತವೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಅಲ್ಲಿ ಬೇಕಾದದ್ದು ಎರಡೂ ಬದಿಯ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್ ಲಾಕ್, ಅಥವಾ ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ಟ್ರಾಕ್ಷನ್ ಕಂಟ್ರೋಲ್.

ಇನ್ನು ಬ್ರೇಕಿನ ವಿಷಯ. ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೂ ಬ್ರೇಕ್ ಇದೆ. ಫೋರ್ ವೀಲ್ ಡ್ರೈವ್ ಇದ್ದ ಮಾತ್ರಕ್ಕೆ ಗಾಡಿ ಬೇಗ ನಿಲ್ಲುವುದಿಲ್ಲ. ಕೆಸರಿನಲ್ಲಿ ಸಲೀಸಾಗಿ ವೇಗ ಹಿಡಿದದ್ದನ್ನು ನೋಡಿ ಸಲೀಸಾಗಿ ನಿಲ್ಲುತ್ತದೆ ಅಂತಲೂ ನಂಬಿದವರು ತಿರುವಿನಲ್ಲಿ ನೇರ ಚರಂಡಿಗೆ ಇಳಿಯುತ್ತಾರೆ. ಇದು ಜೀವದ ಪ್ರಶ್ನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಫೋರ್ ವೀಲ್ ಡ್ರೈವ್ ಬೇಡವೇ? ಕಡಿದಾದ ಏರು, ಆಳದ ಕೆಸರು, ಸಡಿಲ ಮರಳು ನಿಮ್ಮ ದಾರಿಯಲ್ಲಿದ್ದರೆ ಖಂಡಿತ ಬೇಕು. ಆಗ ಲೋ ರೇಂಜ್ ಗೇರ್, ಅಂದರೆ ನಿಧಾನವಾಗಿ ಆದರೆ ಹೆಚ್ಚು ಬಲದಿಂದ ಎಳೆಯುವ ಗೇರ್, ಇರುವುದನ್ನೇ ತೆಗೆದುಕೊಳ್ಳಿ. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಕಾಯಿಸದೆ ಎಂಜಿನ್ ಹಿಡಿತದಲ್ಲೇ ಇಳಿಯಬಹುದು. ಆದರೆ ಬರೀ ಗುಂಡಿ, ಜಲ್ಲಿ, ಸ್ವಲ್ಪ ಕೆಸರು ಅಂದರೆ ಟೂ ವೀಲ್ ಡ್ರೈವ್ ಗಾಡಿಗೆ ಒಳ್ಳೆಯ ಟೈರ್ ಹಾಕಿಸಿದರೆ ಸಾಕು. ಒಂದು ಮಾತು: ಮುಂದಿನ, ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಪಾರ್ಟ್ ಟೈಮ್ ಗಾಡಿಯನ್ನು (ಬೇಕೆಂದಾಗ ಮಾತ್ರ ನಾಲ್ಕು ಚಕ್ರಕ್ಕೂ ಬಲ ಕೊಡುವಂಥದ್ದು) ಒಣ ಡಾಂಬರಿನ ಮೇಲೆ ಫೋರ್ ವೀಲಿನಲ್ಲಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಅದಕ್ಕೆ ಅವಕಾಶವಿಲ್ಲದೆ ಶಾಫ್ಟುಗಳು ತಿರುಚಿಕೊಂಡು ಗೇರುಗಳು ಸವೆಯುತ್ತವೆ.

ಈಗ ಬಾಳಿಕೆಗೆ ಬರೋಣ. ಕೆಟ್ಟ ರಸ್ತೆಗಿಂತ ಹೆಚ್ಚು ಗಾಡಿಗಳನ್ನು ಕೊಲ್ಲುವುದು ಅತಿ ಹೊರೆ. ಪ್ರತಿ ಗಾಡಿಗೂ ಕಂಪನಿ ಒಂದು ಒಟ್ಟು ತೂಕದ ಮಿತಿ ಕೊಟ್ಟಿರುತ್ತದೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿದದ್ದು ನೀವು ಹೊರಿಸಬಹುದಾದ ಭಾರ. ಮಿತಿ 3,000 ಕೆಜಿ, ಖಾಲಿ ಗಾಡಿ 2,200 ಅಂದರೆ ಉಳಿಯುವುದು 800. ಐದು ಜನ ಕೂತರೆ ಸುಮಾರು 350 ಹೋಯಿತು. ಚಂದಕ್ಕೆಂದು ಕಬ್ಬಿಣದ ಬಂಪರ್, ವಿಂಚ್, ಮೇಲಿನ ಕ್ಯಾರಿಯರ್, ಎರಡನೇ ಸ್ಟೆಪ್ನಿ ಏರಿಸಿದರೆ ಇನ್ನೊಂದು 200. ಸಾಮಾನು ಇಡುವ ಮೊದಲೇ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮುಗಿದಿದೆ. ಗಟ್ಟಿ ಮಾಡುತ್ತೇನೆಂದು ಕಬ್ಬಿಣ ಹೇರಿಸಿ ಗಾಡಿಯ ಆಯಸ್ಸು ಕಡಿಮೆ ಮಾಡಿಕೊಳ್ಳುವವರನ್ನು ನೋಡಿದಾಗಲೆಲ್ಲ ಬೇಸರವಾಗುತ್ತದೆ.

ಪಿಕಪ್ ಬಗ್ಗೆ ಕೇಳಿದ್ದೀರಲ್ಲ, ಎರಡು ಸಾಲು ಸೀಟಿನ ಪಿಕಪ್ಪನ್ನು ಒಮ್ಮೆ ಪಕ್ಕದಿಂದ ನೋಡಿ. ಸಾಮಾನು ಹಾಕುವ ಜಾಗದ ದೊಡ್ಡ ಪಾಲು ಹಿಂದಿನ ಎಕ್ಸೆಲ್ಲಿನ ಆಚೆಗಿರುತ್ತದೆ. ಕಟ್ಟಕಡೆಯಲ್ಲಿ ಭಾರ ಹೇರಿ ಗುಂಡಿಗೆ ಇಳಿಸಿದಾಗೆಲ್ಲ ಆ ತುದಿ ಕೆಳಗೆ ಜಗ್ಗುತ್ತದೆ, ಮುಂಭಾಗ ಮೇಲೇಳಲು ನೋಡುತ್ತದೆ, ಒತ್ತಡ ಚಾಸಿಸ್ಸಿನ ಮೇಲೆ ಬೀಳುತ್ತದೆ. ಕ್ಯಾಬಿನ್ನಿನ ಹಿಂದೆಯೇ ಚಾಸಿಸ್ ಬಗ್ಗುವುದು ಹೀಗೆ. ಹಿಂಭಾಗ ಕೂರುತ್ತದೆಂದು ಸ್ಪ್ರಿಂಗಿಗೆ ಆಸರೆಯಾಗಿ ಗಾಳಿ ತುಂಬುವ ಚೀಲ (ಏರ್ ಬ್ಯಾಗ್) ಸೇರಿಸಿದರೆ ಗಾಡಿ ನೆಟ್ಟಗೆ ಕಾಣುತ್ತದೆ, ಹೊರುವ ಮಿತಿ ಮಾತ್ರ ಅಷ್ಟೇ ಇರುತ್ತದೆ. ಸಾಮಾನು ಹೆಚ್ಚು ಅನ್ನುವವರಿಗೆ ಒಂದೇ ಸಾಲು ಸೀಟಿನ ಪಿಕಪ್ ಸರಿ, ಭಾರವನ್ನು ಎಕ್ಸೆಲ್ಲಿನ ಮುಂದಕ್ಕೆ ತಂದು ಇಡಬಹುದು. ಜನ ಹೆಚ್ಚು, ಸಾಮಾನು ಕಡಿಮೆ ಅಂದರೆ ಜೀಪಿನಂಥದ್ದು.

ಟೈರಿನ ಬಗ್ಗೆ ಚಿಕ್ಕದಾಗಿ. ದೊಡ್ಡ ರಿಮ್ಮು, ತೆಳು ಟೈರು ಷೋರೂಮಿಗೆ ಚಂದ. ಗುಂಡಿಗೆ ಬಿದ್ದಾಗ ರಿಮ್ಮು ಬಗ್ಗುತ್ತದೆ, ಟೈರಿನ ಪಕ್ಕೆ ಒಡೆಯುತ್ತದೆ. ಪಕ್ಕೆ ಸೀಳಿದರೆ ಪಂಕ್ಚರ್ ಹಾಕಿ ನಂಬುವಂತಿಲ್ಲ. ಅದೇ ಗಾಡಿಗೆ ಕಂಪನಿಯೇ ಕೊಡುವ ಚಿಕ್ಕ ರಿಮ್ಮು, ಎತ್ತರದ ಪಕ್ಕೆಯ ಟೈರು ಆರಿಸಿಕೊಳ್ಳಿ. ಸ್ಟೆಪ್ನಿ ಪೂರ್ಣ ಅಳತೆಯದೇ ಇರಲಿ.

ಬಿಡಿಭಾಗ ಸುಲಭವಾಗಿ ಸಿಗುವ, ಹತ್ತಿರದ ಮೆಕ್ಯಾನಿಕ್ ಬಿಚ್ಚಿ ಕೂರಿಸಿ ರೂಢಿಯಿರುವ ಗಾಡಿ ಯಾವಾಗಲೂ ಮೇಲು. ಟೊಯೋಟಾ ಲ್ಯಾಂಡ್ ಕ್ರೂಸರ್ 70 ಸರಣಿ ಬಂದದ್ದು 1984ರಲ್ಲಿ. ಪರಿಹಾರ ಸಂಸ್ಥೆಗಳು ಇಂದಿಗೂ ಅದನ್ನು ರಸ್ತೆಯಿಲ್ಲದ ಕಡೆಗೆ ಒಯ್ಯುತ್ತವೆ. ಏಣಿಯಂತೆ ಜೋಡಿಸಿದ ಚಾಸಿಸ್ಸು, ಹಿಂದೆ ಲೀಫ್ ಸ್ಪ್ರಿಂಗು, ಕೆಟ್ಟರೆ ಕೈಯಲ್ಲೇ ರಿಪೇರಿ ಮಾಡಬಹುದಾದ ಸರಳ ಜೋಡಣೆ. ಹೊಸತನಕ್ಕಿಂತ ಅದೇ ಅವರಿಗೆ ಮುಖ್ಯ.

ನೀವು ಕೇಳಿಲ್ಲ, ಆದರೂ ಜಲ್ಲಿ ದಾರಿ ಅಂದಿರಿ, ಹಾಗಾಗಿ ಹೇಳಿಬಿಡುತ್ತೇನೆ. ಮಣ್ಣು, ಜಲ್ಲಿ ದಾರಿ ಕೆಲವೇ ವಾರಗಳಲ್ಲಿ ಅಡ್ಡಡ್ಡ ಅಲೆ ಎದ್ದು ಗಡಗಡ ಅನ್ನುತ್ತದಲ್ಲ, ಅದಕ್ಕೆ ರಸ್ತೆ ಮಾಡಿದವರನ್ನೇ ಬೈಯುತ್ತೇವೆ. ಆ ಅಲೆಗಳನ್ನು ಮಾಡುವುದು ನಮ್ಮ ಚಕ್ರಗಳೇ. ಸಣ್ಣ ಉಬ್ಬಿಗೆ ತಾಗಿದ ಚಕ್ರ ತುಸು ಹಾರಿ ಬೀಳುತ್ತದೆ, ಬಿದ್ದಲ್ಲಿ ಮಣ್ಣು ತಳ್ಳಿ ಗುಳಿ ಮಾಡುತ್ತದೆ, ಆಮೇಲೆ ಬರುವ ಗಾಡಿಯ ಚಕ್ರ ಅಲ್ಲೇ ಇನ್ನಷ್ಟು ಹಾರುತ್ತದೆ. ತಿರುಗುವ ಮರಳಿನ ಹಾಸಿನ ಮೇಲೆ ಚಕ್ರ ಉರುಳಿಸಿ ಮಾಡಿದ ಪ್ರಯೋಗಗಳಲ್ಲಿ ಸ್ಪ್ರಿಂಗೇ ಇಲ್ಲದ ಚಕ್ರವೂ ಅಲೆ ಎಬ್ಬಿಸಿತು. ಒಂದು ವೇಗಕ್ಕಿಂತ ನಿಧಾನವಾಗಿ ಉರುಳಿಸಿದಾಗ ಮಾತ್ರ ಹಾಸು ಸಪಾಟಾಗಿಯೇ ಉಳಿಯಿತು.

ಅಂಥ ದಾರಿಯಲ್ಲಿ ಜೋರಾಗಿ ಹೋದರೆ ಕುಲುಕಾಟ ಕಡಿಮೆ ಅನ್ನಿಸುವುದು ನಿಜ, ಚಕ್ರ ಅಲೆಯ ನೆತ್ತಿಯಿಂದ ನೆತ್ತಿಗೆ ಹಾರುತ್ತಿರುತ್ತದೆ. ಹಾರುತ್ತಿರುವ ಚಕ್ರಕ್ಕೆ ಬ್ರೇಕೂ ಹಿಡಿಯುವುದಿಲ್ಲ, ಸ್ಟೀರಿಂಗೂ ಕೇಳುವುದಿಲ್ಲ. ಶಾಕ್ ಅಬ್ಸಾರ್ಬರ್ ಕುಲುಕಾಟವನ್ನು ಶಾಖ ಮಾಡಿ ಹೊರಹಾಕುವ ಸಾಮಾನು. ಬಿಡುವಿಲ್ಲದೆ ಬಡಿದರೆ ಒಳಗಿನ ಎಣ್ಣೆ ಕಾದು ನೊರೆ ಕಟ್ಟಿ ಕೈಕೊಡುತ್ತದೆ. ಉದ್ದದ ಜಲ್ಲಿ ದಾರಿಗೆ ಇಳಿಯುವ ಮೊದಲು ಹೊರೆ ನೋಡಿಕೊಂಡು ಟೈರಿನ ಗಾಳಿ ಸ್ವಲ್ಪ ಇಳಿಸಿ, ವೇಗವನ್ನೂ ಇಳಿಸಿ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಿ, ಗಾಳಿ ಕಡಿಮೆಯಿದ್ದ ಟೈರು ವೇಗದಲ್ಲಿ ಕಾದು ಸಿಡಿಯಬಹುದು. ನಡುವೆ ನಿಲ್ಲಿಸಿದಾಗ ಬಗ್ಗಿ ಕೆಳಗೆ ನೋಡಿ: ಶಾಕ್ ಮೈಮೇಲೆ ಎಣ್ಣೆ ಜಿನುಗಿದೆಯೇ, ವೀಲ್ ನಟ್ಟು ಬಿಗಿ ಇದೆಯೇ, ಕ್ಯಾರಿಯರಿನ ಬೋಲ್ಟು, ಬ್ಯಾಟರಿಯ ಕ್ಲಾಂಪು ಸಡಿಲವಾಗಿದೆಯೇ. ಒಂದು ಸ್ಪಾನರ್ ಸೀಟಿನ ಕೆಳಗೆ ಸದಾ ಇರಲಿ.