ಕ್ಷೇತ್ರ ಭೇಟಿ: ಬಸ್ಸು ಹತ್ತಿದ್ದಕ್ಕೆಲ್ಲ ಇದು ಹೆಸರಲ್ಲ

ಮೊನ್ನೆ ಮತ್ತೊಂದು ಫೋಟೊ ಬಂತು. ಪ್ರೌಢಶಾಲೆಯ ನಲವತ್ತು ಮಕ್ಕಳು ವಸ್ತುಸಂಗ್ರಹಾಲಯದ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದಾರೆ. ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಟೋಪಿ. ಕೆಳಗೆ ‘ಯಶಸ್ವಿ ಕ್ಷೇತ್ರ ಭೇಟಿ’ ಅಂತ ಬರೆದಿತ್ತು. ಒಳಗೆ ಹೋಗಿ ಏನು ಮಾಡಿದಿರಿ ಅಂತ ಕಳಿಸಿದವರನ್ನು ಕೇಳಿದೆ. ‘ಒಂದು ಸುತ್ತು ಹಾಕಿಸಿದೆವು, ಅರ್ಧ ಗಂಟೆಯಲ್ಲಿ ಮುಗೀತು’ ಅಂದರು. ಇದು ಸುತ್ತಾಟ. ಸುತ್ತಾಟ ತಪ್ಪೇನಲ್ಲ, ನನಗೂ ಇಷ್ಟವೇ. ಆದರೆ ಕ್ಷೇತ್ರ ಭೇಟಿ ಅನ್ನೋದು ಬೇರೆ.

ಗೊಂದಲಕ್ಕೆ ಅರ್ಧ ಕಾರಣ ‘ಕ್ಷೇತ್ರ’ ಪದವೇ. ಮಗು ಮನೆಗೆ ಬಂದು ‘ನಾಳೆ ಕ್ಷೇತ್ರ ಭೇಟಿ ಇದೆ’ ಅಂದರೆ ಅಜ್ಜಿ ‘ಯಾವ ದೇವಸ್ಥಾನಪ್ಪಾ?’ ಅಂತ ಕೇಳುವುದು ಸಹಜ. ಅಜ್ಜಿಯದು ತಪ್ಪಲ್ಲ. ಕನ್ನಡದಲ್ಲಿ ಕ್ಷೇತ್ರ ಅಂದ ಕೂಡಲೇ ಜಾಸ್ತಿ ಜನಕ್ಕೆ ಹೊಳೆಯುವುದು ಪುಣ್ಯಕ್ಷೇತ್ರ, ಚುನಾವಣೆ ಹತ್ತಿರ ಬಂದರೆ ಮತಕ್ಷೇತ್ರ. ಭೌತವಿಜ್ಞಾನದ ಮೇಷ್ಟ್ರಿಗೆ ಕಾಂತಕ್ಷೇತ್ರ. ಇನ್ನು ಭಾಷಣಕಾರರಿಗಂತೂ ಎಲ್ಲವೂ ಕ್ಷೇತ್ರವೇ: ಶಿಕ್ಷಣ ಕ್ಷೇತ್ರ, ಸಿನಿಮಾ ಕ್ಷೇತ್ರ, ಸಮಾಜಸೇವಾ ಕ್ಷೇತ್ರ.

ಮೂಲದಲ್ಲಿ ಕ್ಷೇತ್ರ ಅಂದರೆ ಹೊಲ. ಉತ್ತು ಬಿತ್ತುವ ನೆಲ. ‘ನೆಲೆಸು’ ಅನ್ನುವ ಅರ್ಥದ ‘ಕ್ಷಿ’ ಧಾತುವಿನಿಂದ ಬಂದದ್ದು. ಹಿಂದಿಯ ‘ಖೇತ್’ ಇದರದೇ ಸವೆದ ರೂಪ. ಕುರುಕ್ಷೇತ್ರ ಅಂದರೆ ನಮಗೆ ಯುದ್ಧಭೂಮಿ, ಆದರೆ ಮಹಾಭಾರತದ ಕಥೆಯಲ್ಲಿ ಅದು ಕುರು ಎಂಬ ರಾಜ ನೇಗಿಲು ಹಿಡಿದು ಉತ್ತ ನೆಲ. ಗೀತೆಯ 13ನೇ ಅಧ್ಯಾಯ ಈ ಹೊಲವನ್ನೇ ಉಪಮೆ ಮಾಡಿಕೊಳ್ಳುತ್ತದೆ. ಅಲ್ಲಿ ದೇಹವೇ ಕ್ಷೇತ್ರ, ಅದನ್ನು ಅರಿತವನು ಕ್ಷೇತ್ರಜ್ಞ. ಕನ್ನಡದಲ್ಲೇ ಗಣಿತ ಬರೆದ 12ನೇ ಶತಮಾನದ ರಾಜಾದಿತ್ಯನ ಒಂದು ಕೃತಿಯ ಹೆಸರು ‘ಕ್ಷೇತ್ರಗಣಿತ’. ಅಂದರೆ ಈ ಪದ ಉಳುಮೆಯಿಂದ ಅಳತೆಗೂ ಬಂತು, ಅರಿವಿಗೂ ಬಂತು. ಎಲ್ಲಿಗೆ ಹೋದರೂ ಅದರ ಜತೆ ಏನೋ ಒಂದು ಕೆಲಸ ಅಂಟಿಕೊಂಡೇ ಇದೆ. ನಾವು ಮಾತ್ರ ಅದನ್ನು ಟೋಪಿ ಹಾಕಿಕೊಂಡು ನಿಲ್ಲುವ ಮೆಟ್ಟಿಲಿಗೆ ತಂದು ನಿಲ್ಲಿಸಿದ್ದೇವೆ.

‘ಪ್ರವಾಸ’ವನ್ನೂ ಒಮ್ಮೆ ಬಿಡಿಸಿ ನೋಡಿ. ಅದರೊಳಗಿರುವುದು ‘ವಾಸ’. ಮನೆ ಬಿಟ್ಟು ಬೇರೆ ಕಡೆ ಇರುವುದು ಅಂತ ಮೂಲ ಅರ್ಥ. ತಮಾಷೆ ನೋಡಿ, ಕ್ಷೇತ್ರದ ಬೇರಿನಲ್ಲಿ ನೆಲೆಸುವುದಿದೆ, ಪ್ರವಾಸದ ಬೇರಿನಲ್ಲೂ ಅದೇ. ಎರಡರಲ್ಲೂ ಓಡಾಟ ಇಲ್ಲವೇ ಇಲ್ಲ! ಒಂದೇ ದಿನದಲ್ಲಿ ಐದು ಜಾಗ ತೋರಿಸಿ, ಪ್ರತಿ ಜಾಗದಲ್ಲೂ ‘ಬೇಗ ಬೇಗ, ಲೇಟಾಯ್ತು’ ಅಂತ ಮಕ್ಕಳನ್ನು ಬಸ್ಸಿಗೆ ತುಂಬುವುದಕ್ಕೆ ಇವೆರಡೂ ಹೊಂದುವುದಿಲ್ಲ.

ಹಾಗಾದರೆ ಯಾವುದಕ್ಕೆ ಹೊಂದುತ್ತದೆ? ಒಂದು ಹಳ್ಳದ ಉದಾಹರಣೆ ಕೊಡುತ್ತೇನೆ. ನೀರು ಮೊಣಕಾಲಿಗಿಂತ ಕೆಳಗಿರುವ ಸಣ್ಣ ಹಳ್ಳ. ದಡದ ಮೇಲೆ ಟೇಪಿನಿಂದ 10 ಮೀಟರ್ ಅಳೆದು ಎರಡು ಗೂಟ ಹೊಡೆಯುತ್ತಾರೆ. ಒಬ್ಬಳು ಮೇಲಿನ ಗೂಟದ ಹತ್ತಿರ ಕಿತ್ತಳೆ ಸಿಪ್ಪೆ ತೇಲಿಬಿಡುತ್ತಾಳೆ, ಕೆಳಗಿನವನು ಗಡಿಯಾರ ಹಿಡಿದಿರುತ್ತಾನೆ. ಸಿಪ್ಪೆ 20 ಸೆಕೆಂಡಿಗೆ ಬಂದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ಅಗಲ 3 ಮೀಟರ್, ಸರಾಸರಿ ಆಳ 0.4 ಮೀಟರ್ ಅಂದರೆ ಅಡ್ಡಕೊಯ್ತದ ವಿಸ್ತೀರ್ಣ 1.2 ಚದರ ಮೀಟರ್. ತಳದ ಕಲ್ಲುಮಣ್ಣು ನೀರನ್ನು ತಡೆಯುವುದರಿಂದ ಮೇಲ್ಪದರ ಉಳಿದ ನೀರಿಗಿಂತ ವೇಗವಾಗಿ ಓಡುತ್ತದೆ. ಅದಕ್ಕೇ ಸುಮಾರು 0.85ರಿಂದ ಗುಣಿಸುವುದು ರೂಢಿ. ವೇಗ, ವಿಸ್ತೀರ್ಣ, ಈ 0.85 ಮೂರನ್ನೂ ಗುಣಿಸಿದರೆ ಹಳ್ಳದಲ್ಲಿ ಹರಿಯುವ ನೀರು ಸೆಕೆಂಡಿಗೆ 0.51 ಘನ ಮೀಟರ್, ಅಂದರೆ 510 ಲೀಟರ್.

ಈ 510 ಅಷ್ಟೇನೂ ಮುಖ್ಯವಲ್ಲ. ಮೂರನೇ ಸಲ ಸಿಪ್ಪೆ ಒಂದು ಕಲ್ಲಿಗೆ ಸಿಕ್ಕಿಹಾಕಿಕೊಂಡು 38 ಸೆಕೆಂಡ್ ತಗೊಂಡಿತು ಅಂದುಕೊಳ್ಳಿ. ‘ಮೇಡಂ, ಇದನ್ನ ಲೆಕ್ಕಕ್ಕೆ ತಗೋಬೇಕಾ, ಬಿಡಬೇಕಾ?’ ಅಂತ ಯಾರೋ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ಹುಟ್ಟಿತಲ್ಲ, ಅದು ಕ್ಷೇತ್ರ ಭೇಟಿ. ಪುಸ್ತಕದ ಹಳ್ಳದಲ್ಲಿ ಕಲ್ಲು ಇರುವುದಿಲ್ಲ.

ಹೊರಡುವ ಮುಂಚಿನ ಕೆಲಸದ ಬಗ್ಗೆಯೂ ಎರಡು ಮಾತು. ಪ್ರೌಢಶಾಲಾ ಮಕ್ಕಳ ಭೂವಿಜ್ಞಾನ ಕ್ಷೇತ್ರ ಭೇಟಿಗಳನ್ನು ಅಭ್ಯಾಸ ಮಾಡಿದ ನಿರ್ ಓರಿಯನ್ ಮತ್ತು ಅವಿ ಹಾಫ್‌ಸ್ಟೈನ್ 1990ರ ದಶಕದಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಜಾಗ ಹೊಸದು, ವಿಷಯ ಹೊಸದು, ಏನಾಗುತ್ತದೋ ಅನ್ನುವ ಅಳುಕೂ ಹೊಸದು. ಈ ಮೂರು ಹೊಸತನವೂ ಒಟ್ಟಿಗೆ ಬಂದರೆ ಮಕ್ಕಳ ಗಮನವೆಲ್ಲ ಅದಕ್ಕೇ ಹೋಗುತ್ತದೆ, ಕಲಿಕೆಗೆ ಉಳಿಯುವುದು ಕಡಿಮೆ. ಮುಂಚೆಯೇ ತರಗತಿಯಲ್ಲಿ ನಕ್ಷೆ ತೋರಿಸಿ, ಅಲ್ಲಿ ಸಿಗುವ ಕಲ್ಲುಗಳ ಮಾದರಿಯನ್ನು ಕೈಗೆ ಕೊಟ್ಟು, ಎಷ್ಟು ಹೊತ್ತು ನಡೆಯಬೇಕು, ಬಿಸಿಲಿದೆಯಾ ಅಂತ ಹೇಳಿದರೆ ಈ ಹೊಸತನ ಇಳಿಯುತ್ತದೆ. ಊಟ ಎಷ್ಟು ಗಂಟೆಗೆ ಅನ್ನುವುದು ಗೊತ್ತಿಲ್ಲದ ಒಂಬತ್ತನೇ ತರಗತಿಯ ಹುಡುಗ ಶಿಲಾಪದರ ನೋಡ್ತಾನಾ? ‘ಸರ್‌ಪ್ರೈಸ್ ಇರಲಿ’ ಅಂತ ಏನೂ ಹೇಳದೆ ಕರೆದುಕೊಂಡು ಹೋಗುವ ಶಿಕ್ಷಕರು ಇದನ್ನು ಗಮನಿಸಬೇಕು.

ಇನ್ನೆರಡು ಪದ ಇದರ ಬೆನ್ನಿಗೇ ಕೆಡುತ್ತಿವೆ. ಒಂದು ‘ಪ್ರಾತ್ಯಕ್ಷಿಕೆ’. ಪ್ರತಿ, ಅಕ್ಷ, ಅಂದರೆ ಕಣ್ಣೆದುರಿಗೆ. ಶಿಕ್ಷಕರು ಮಾಡುತ್ತಾರೆ, ಮಕ್ಕಳು ನೋಡುತ್ತಾರೆ. ಇದಕ್ಕೆ ‘ಪ್ರಯೋಗ ಮಾಡಿಸಿದೆವು’ ಅಂತ ವರದಿ ಬರೆಯಬಾರದು. ಪ್ರಯೋಗದೊಳಗಿನ ‘ಯುಜ್’ ಧಾತುವಿಗೆ ಜೋಡಿಸು, ಹೂಡು ಅಂತ ಅರ್ಥ. ಎತ್ತು ಹೂಡುತ್ತೇವಲ್ಲ, ಅದೇ ಹೂಡು. ಒಂದು ಕಣ್ಣಿನ ಕೆಲಸ, ಇನ್ನೊಂದು ಕೈಯದು.

ಎರಡನೆಯದು ‘ಪ್ರಾಯೋಗಿಕ’. ಹೊಸ ರೈಲಿನ ಪ್ರಾಯೋಗಿಕ ಸಂಚಾರ ಅಂದರೆ ಸರಿಯಾಗಿ ಓಡುತ್ತದಾ ಅಂತ ನೋಡುವುದು. ಪ್ರಾಯೋಗಿಕ ಪರೀಕ್ಷೆ ಅಂದರೆ ಲ್ಯಾಬಿನಲ್ಲಿ ಮಾಡಿ ತೋರಿಸುವುದು. ‘ಪ್ರಾಯೋಗಿಕ ಕಲಿಕಾ ಕಾರ್ಯಕ್ರಮ’ ಅಂತ ಸುತ್ತೋಲೆ ಬಂದರೆ ಕಾರ್ಯಕ್ರಮವನ್ನೇ ಈ ವರ್ಷ ಸುಮ್ನೆ ಪರೀಕ್ಷಿಸಿ ನೋಡುತ್ತಿದ್ದಾರಾ, ಮಕ್ಕಳು ಮಾಡಿ ಕಲಿಯುತ್ತಾರಾ, ಹೇಳುವುದು ಕಷ್ಟ. ‘ಮಾಡಿ ಕಲಿ’ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ‘ಕೈಯಾರೆ ಕಲಿಕೆ’ ನನಗೆ ಇನ್ನೂ ಇಷ್ಟ. ಸುತ್ತೋಲೆ ಬರೆಯುವವರಿಗೆ ಅದು ಯಾಕೋ ಗೌರವ ಸಾಲದು ಅನ್ನಿಸುತ್ತದೆ.

ಅಂದ ಹಾಗೆ, ಆ ಫೋಟೊ ಕಳಿಸಿದವರಿಗೆ ‘ಮಕ್ಕಳು ಬರೆದುಕೊಂಡು ಬಂದದ್ದನ್ನು ಒಂದೆರಡು ಪುಟ ಕಳಿಸ್ತೀರಾ?’ ಅಂತ ಕೇಳಿದ್ದೆ. ಸಂಜೆ ಹೊತ್ತಿಗೆ ಇನ್ನೂ ಹನ್ನೊಂದು ಫೋಟೊ ಬಂದವು. ಅದೇ ಮೆಟ್ಟಿಲು, ಅದೇ ಟೋಪಿ.