ಮೊಬೈಲ್ ಹಿಡಿದು ಆಕಾಶ ಕಲಿಯುವುದು: ಆ್ಯಪ್‌ಗಳ ಬಗ್ಗೆ ಅಧ್ಯಯನ ಟಿಪ್ಪಣಿ

ಆಕಾಶ ವೀಕ್ಷಣೆ ಈಗಷ್ಟೇ ಶುರುಮಾಡಿದವರಿಗೆ ಎಲ್ಲರೂ ಮೊದಲು ಹೇಳುವುದು "ಒಂದು ಆ್ಯಪ್ ಹಾಕ್ಕೊಳ್ಳಿ" ಅಂತ. ಸಲಹೆ ಸರಿಯೇ. ಆದರೆ ಫೋನ್ ಮೇಲೆತ್ತಿ, ಪರದೆಯಲ್ಲಿ ಹೆಸರು ಓದಿ, ಹಾಗೇ ಮುಂದಿನ ಚುಕ್ಕಿಗೆ ಹೋಗುತ್ತಿದ್ದರೆ ತಿಂಗಳುಗಟ್ಟಲೆ ನೋಡಿದರೂ ಒಂದು ನಕ್ಷತ್ರಪುಂಜವೂ ತಲೆಯಲ್ಲಿ ಉಳಿಯುವುದಿಲ್ಲ. ನಾನು ಪಾಲಿಸುವ ಕ್ರಮ ಹೀಗಿದೆ. ಇವತ್ತು ಏನು ಹುಡುಕಬೇಕು ಎಂಬುದನ್ನು ಹಗಲಿನಲ್ಲೇ ಆ್ಯಪ್ ನೋಡಿ ಗೊತ್ತುಮಾಡಿಕೊಳ್ಳುವುದು. ತಾರಸಿಗೆ ಹೋದ ಮೇಲೆ ಫೋನ್ ಜೇಬಿಗೆ. ಕಂಡದ್ದು ಯಾವುದೆಂದು ಮೊದಲು ನಾವೇ ಊಹಿಸಿ, ಆಮೇಲೆ ಫೋನ್ ತೆಗೆದು ತಾಳೆ ನೋಡುವುದು. ಕೆಳಗಿನ ಟಿಪ್ಪಣಿಗಳೆಲ್ಲ ಈ ಕ್ರಮಕ್ಕೆ ಹೊಂದಿಸಿ ಬರೆದವು.

ನಕ್ಷೆ ತೋರಿಸುವ ಆ್ಯಪ್‌ಗಳು

ಸ್ಟೆಲೇರಿಯಂ, ಸ್ಕೈ ಮ್ಯಾಪ್, ಸ್ಕೈಸಫಾರಿ: ಈ ಮೂರರಲ್ಲಿ ಯಾವುದಾದರೂ ಒಂದು ಸಾಕು. ಸ್ಕೈ ಮ್ಯಾಪ್ ಗೂಗಲ್ ಸಂಸ್ಥೆಯಲ್ಲಿ 2009ರಲ್ಲಿ ಹುಟ್ಟಿದ್ದು, 2012ರಲ್ಲಿ ಮುಕ್ತ ತಂತ್ರಾಂಶವಾಯಿತು. ಹಗುರವಾದ ಆ್ಯಪ್, ಹಳೆಯ ಫೋನಿನಲ್ಲೂ ಓಡುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ನಕ್ಷೆ ತೋರಿಸುತ್ತದೆ. ಸ್ಟೆಲೇರಿಯಂ ಮೊದಲು ಕಂಪ್ಯೂಟರಿಗಾಗಿ ಬಂದ ಮುಕ್ತ ತಂತ್ರಾಂಶ. ಇದರಲ್ಲಿ ಆಕಾಶ ನಿಜವಾಗಿ ಕಾಣುವ ಹಾಗೇ ಕಾಣುತ್ತದೆ, ಸಂಜೆಗೆಂಪು ಕೂಡ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಸ್ಕೈಸಫಾರಿ ಟೆಲಿಸ್ಕೋಪ್ ಇರುವವರಿಗೆ ಹೆಚ್ಚು ಉಪಯೋಗ.

ಫೋನ್ ಯಾವ ಕಡೆ ತಿರುಗಿದೆ ಎಂಬುದು ಆ್ಯಪ್‌ಗೆ ಗೊತ್ತಾಗುವುದು ಒಳಗಿನ ಸೆನ್ಸರ್‌ಗಳಿಂದ. ಅಕ್ಸೆಲೆರೋಮೀಟರ್ ಗುರುತ್ವದ ದಿಕ್ಕು ಹಿಡಿದು ಫೋನ್ ಎಷ್ಟು ಓರೆಯಾಗಿದೆ ಎಂದು ಹೇಳುತ್ತದೆ. ಗೈರೋಸ್ಕೋಪ್ ತಿರುಗುವ ವೇಗ ಅಳೆಯುತ್ತದೆ. ಮ್ಯಾಗ್ನೆಟೋಮೀಟರ್ ಭೂಮಿಯ ಕಾಂತಕ್ಷೇತ್ರ ನೋಡಿ ಉತ್ತರ ಎಲ್ಲಿದೆ ಎಂದು ಹೇಳುತ್ತದೆ. ಮೊದಲ ಎರಡನ್ನು ನಂಬಬಹುದು. ತೊಂದರೆ ಕೊಡುವುದು ಮೂರನೆಯದು. ಆರ್‌ಸಿಸಿ ತಾರಸಿಯ ಕಬ್ಬಿಣದ ಸರಳು, ನೀರಿನ ಟ್ಯಾಂಕಿನ ಸ್ಟ್ಯಾಂಡ್, ಕಾರಿನ ಬಾನೆಟ್, ಮ್ಯಾಗ್ನೆಟ್ ಇರುವ ಫೋನ್ ಕವರ್ ಇವೆಲ್ಲ ಅದರ ದಿಕ್ಕು ತಪ್ಪಿಸುತ್ತವೆ. ಆಗ ನಕ್ಷೆಯ ಆಕಾಶ ನಿಜವಾದ ಆಕಾಶಕ್ಕಿಂತ ಹತ್ತು ಹದಿನೈದು ಡಿಗ್ರಿ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಗುರುಗ್ರಹದ ಹೆಸರು ಪಕ್ಕದ ಯಾವುದೋ ನಕ್ಷತ್ರದ ಮೇಲೆ ಬೀಳುತ್ತದೆ.

ಇದಕ್ಕೆ ಪರಿಹಾರ ಸುಲಭ. ಕವರ್ ತೆಗೆದು, ಕಬ್ಬಿಣದಿಂದ ದೂರ ನಿಂತು, ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ನಾಲ್ಕೈದು ಸಲ ಆಡಿಸಿ. ನಂತರ ಚಂದ್ರನ ಕಡೆ ಹಿಡಿಯಿರಿ. ಪರದೆಯ ಚಂದ್ರ ನಿಜವಾದ ಚಂದ್ರನ ಮೇಲೇ ಬಂದು ಕೂತರೆ ಸರಿ. ಸರಿಯಾಗದಿದ್ದರೆ ಸೆನ್ಸರ್ ಮೋಡ್ ಆಫ್ ಮಾಡಿ, ಬೆರಳಿನಿಂದ ನಕ್ಷೆ ಎಳೆದು ಹೊಂದಿಸಿಕೊಳ್ಳಿ. ಕಲಿಯುವವರಿಗೆ ಈ ಎರಡನೆಯ ದಾರಿಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಕ್ಷೆಯನ್ನು ಆಕಾಶದ ಜೊತೆ ನಾವೇ ಹೊಂದಿಸಬೇಕಾದಾಗ ನಕ್ಷತ್ರಗಳ ಆಕಾರವನ್ನು ಗಮನಿಸದೆ ವಿಧಿಯಿಲ್ಲ.

ಅಳತೆಗೆ ಕೈಯೇ ಸಾಕು. ತೋಳು ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ನಡುವಿನ ಮೂರು ಬೆರಳು ಸೇರಿ 5 ಡಿಗ್ರಿ, ಕಿರುಬೆರಳು 1 ಡಿಗ್ರಿ. ಹುಣ್ಣಿಮೆ ಚಂದ್ರ ಬರೀ ಅರ್ಧ ಡಿಗ್ರಿ, ಕಿರುಬೆರಳಿನ ಹಿಂದೆ ಪೂರ್ತಿ ಅಡಗುತ್ತಾನೆ. ಆ್ಯಪ್ ಒಂದು ಗ್ರಹದ ಉನ್ನತಿ 30 ಡಿಗ್ರಿ ಎಂದರೆ ದಿಗಂತದಿಂದ ಮೂರು ಮುಷ್ಟಿ ಮೇಲೆ.

ಗಡಿಯಾರ ಮುಂದೆ ತಳ್ಳಿ ನೋಡಿ

ಈ ಆ್ಯಪ್‌ಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಎನಿಸಿರುವುದು ಕ್ಯಾಮೆರಾ ನೋಟವಲ್ಲ, ಸಮಯ ಬದಲಿಸುವ ಗುಂಡಿ. ಮಧ್ಯಾಹ್ನ ಕೂತು ರಾತ್ರಿ ಒಂಬತ್ತರ ಆಕಾಶ ನೋಡಬಹುದು, ಜನವರಿಯಲ್ಲಿ ಕೂತು ಮೇ ತಿಂಗಳದ್ದೂ ನೋಡಬಹುದು.

ಸ್ಥಳ ಬೆಂಗಳೂರು, ದಿನಾಂಕ ಫೆಬ್ರವರಿ 15, ಸಮಯ ರಾತ್ರಿ 9 ಎಂದು ಕೊಡಿ. ದಕ್ಷಿಣಕ್ಕೆ ತಿರುಗಿ. ದಿಗಂತದಿಂದ ಸುಮಾರು 60 ಡಿಗ್ರಿ ಮೇಲೆ ಲುಬ್ಧಕ (ಸಿರಿಯಸ್), ಇಡೀ ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರ. ಅದರ ಕೆಳಗೆ ದಿಗಂತದಿಂದ ಸುಮಾರು 24 ಡಿಗ್ರಿ ಎತ್ತರದಲ್ಲಿ ಅಗಸ್ತ್ಯ (ಕೆನೋಪಸ್), ಪ್ರಕಾಶದಲ್ಲಿ ಎರಡನೆಯದು. ಈಗ ಸ್ಥಳವನ್ನು ಲಂಡನ್‌ಗೆ ಬದಲಿಸಿ. ಲುಬ್ಧಕ ತೀರಾ ಕೆಳಕ್ಕೆ ಇಳಿಯುತ್ತದೆ, ಅಗಸ್ತ್ಯ ಕಾಣುವುದೇ ಇಲ್ಲ. ಅಲ್ಲಿ ಅದು ವರ್ಷದ ಯಾವ ದಿನವೂ ಹುಟ್ಟುವುದಿಲ್ಲ. 13 ಡಿಗ್ರಿ ಅಕ್ಷಾಂಶದಲ್ಲಿರುವ ನಮಗೆ ಧ್ರುವ ನಕ್ಷತ್ರ ಉತ್ತರ ದಿಗಂತಕ್ಕಿಂತ ಬರೀ 13 ಡಿಗ್ರಿ ಮೇಲಿರುತ್ತದೆ, ಪಕ್ಕದ ಕಟ್ಟಡ ಮುಚ್ಚಿಬಿಡಬಹುದು. ಆದರೆ ದಕ್ಷಿಣದ ಆಕಾಶ ಬಹಳಷ್ಟು ನಮ್ಮ ಪಾಲಿಗೆ ಬಂದಿದೆ. ಮೇ ಮಧ್ಯದ ರಾತ್ರಿ ಒಂಬತ್ತೂವರೆಗೆ ನಕ್ಷೆ ತಿರುಗಿಸಿದರೆ ದಕ್ಷಿಣ ದಿಗಂತದ ಮೇಲೆ ಶಿಲುಬೆ ಆಕಾರದ ಪುಂಜ ನೆಟ್ಟಗೆ ನಿಂತಿರುವುದು ಕಾಣುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ, ಎಡಕ್ಕೆ, ಒಮೆಗಾ ಸೆಂಟಾರಿ ಎಂಬ ಗೋಳಾಕಾರದ ನಕ್ಷತ್ರಗುಚ್ಛ ಇದೆ, ಬೈನಾಕ್ಯುಲರಿನಲ್ಲಿ ಮಸುಕಾದ ಹತ್ತಿಯುಂಡೆಯ ಹಾಗೆ ಕಾಣುತ್ತದೆ. ಯೂರೋಪಿನ ಹೆಚ್ಚಿನ ವೀಕ್ಷಕರಿಗೆ ಇದು ಊರಿನಿಂದ ಸಿಗದ ನೋಟ. ಅಲ್ಲಿನವರು ತಮ್ಮ ಅಕ್ಷಾಂಶಕ್ಕೆ ಬರೆದ "ಈ ತಿಂಗಳು ಏನು ನೋಡಬೇಕು" ಪಟ್ಟಿಗಳನ್ನು ಹಾಗೇ ಒಪ್ಪಿಕೊಳ್ಳದೆ, ನಮ್ಮ ಊರಿನ ಸ್ಥಳ ಕೊಟ್ಟು ಆ್ಯಪ್‌ನಲ್ಲಿ ಪರಿಶೀಲಿಸಬೇಕು.

ಪಂಚಾಂಗ ಮತ್ತು ಆ್ಯಪ್ ಬೇರೆ ಬೇರೆ ಹೇಳಿದಾಗ

ಸಂಕ್ರಾಂತಿಯ ದಿನ ಸೂರ್ಯ ಮಕರ ರಾಶಿಗೆ ಬರುತ್ತಾನೆ ಎಂದು ಕ್ಯಾಲೆಂಡರಿನಲ್ಲಿದೆ. ಆ್ಯಪ್ ತೆರೆದರೆ ಸೂರ್ಯ ಇನ್ನೂ ಧನುವಿನಲ್ಲಿದ್ದಾನೆ! ಎರಡರಲ್ಲಿ ಯಾವುದೂ ತಪ್ಪಲ್ಲ. ಪಂಚಾಂಗದಲ್ಲಿ ಸೂರ್ಯನ ದಾರಿಯನ್ನು ತಲಾ 30 ಡಿಗ್ರಿಯ ಹನ್ನೆರಡು ಸಮಭಾಗ ಮಾಡಿದ್ದಾರೆ. ಆ್ಯಪ್ ಬಳಸುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿಕೊಂಡ, 1930ರಲ್ಲಿ ಪ್ರಕಟವಾದ 88 ಪುಂಜಗಳ ಗಡಿ. ಆ ಗಡಿಗಳು ಸಮವಲ್ಲ. ಅದರ ಪ್ರಕಾರ ಸೂರ್ಯ ಮಕರದ ಗಡಿ ದಾಟುವುದು ಜನವರಿ 20ರ ಸುಮಾರಿಗೆ.

ಆದರೂ ಪಂಚಾಂಗವನ್ನು ಜೊತೆಗಿಟ್ಟುಕೊಂಡರೆ ಒಳ್ಳೆಯ ಅಭ್ಯಾಸ ಸಿಗುತ್ತದೆ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಪಂಚಾಂಗದ ಒಂದು ನಕ್ಷತ್ರದ ಭಾಗವೂ 13 ಡಿಗ್ರಿಗಿಂತ ತುಸು ಹೆಚ್ಚು. ಹಾಗಾಗಿ ದಿನಕ್ಕೊಂದು ನಕ್ಷತ್ರ. ಕ್ಯಾಲೆಂಡರಿನಲ್ಲಿ ರೋಹಿಣಿ ಎಂದಿರುವ ರಾತ್ರಿ ಚಂದ್ರನ ಸುತ್ತಮುತ್ತ ಕೆಂಪಗಿನ ನಕ್ಷತ್ರ ಹುಡುಕಿ, ಆಮೇಲೆ ಆ್ಯಪ್‌ನಲ್ಲಿ ನೋಡಿ. ಅಲ್ಡೆಬರಾನ್ ಎಂದು ಬರುತ್ತದೆ, ಅದೇ ರೋಹಿಣಿ. ಮಘಾ, ಚಿತ್ತಾ ದಿನಗಳಲ್ಲೂ ಹೀಗೇ ರೆಗ್ಯುಲಸ್, ಸ್ಪೈಕಾ ಸಿಗುತ್ತವೆ. ಸ್ವಾತಿಯ ದಿನ ಮಾತ್ರ ಹೀಗೆ ಹುಡುಕಿದರೆ ಸಿಗುವುದಿಲ್ಲ. ಸ್ವಾತಿ, ಅಂದರೆ ಆರ್ಕ್‌ಟ್ಯುರಸ್, ಸೂರ್ಯಚಂದ್ರರ ದಾರಿಯಿಂದ ಸುಮಾರು 30 ಡಿಗ್ರಿ ಉತ್ತರಕ್ಕಿದೆ. ಚಂದ್ರ ಎಂದೂ ಅದರ ಹತ್ತಿರ ಹೋಗುವುದಿಲ್ಲ. ಇದನ್ನು ಆ್ಯಪ್‌ನಲ್ಲಿ ಕ್ರಾಂತಿವೃತ್ತದ (ಸೂರ್ಯನ ದಾರಿಯ) ಗೆರೆ ಹಾಕಿಕೊಂಡು ಒಂದು ಸಲ ಕಣ್ಣಾರೆ ನೋಡಬೇಕು.

ಬಾಹ್ಯಾಕಾಶ ನಿಲ್ದಾಣ ಹಾದುಹೋಗುವುದು

ಇದಕ್ಕೆ ಹೆವೆನ್ಸ್-ಅಬವ್ ಆ್ಯಪ್. ನಾಸಾದ ಸ್ಪಾಟ್ ದ ಸ್ಟೇಷನ್ ಕೂಡ ಇದೆ, ಬಳಸಲು ಸರಳ. ಆದರೆ ಕಲಿಯಲು ಮೊದಲನೆಯದೇ ಮೇಲು. ಅದರ ಒಂದು ಸಾಲು ಹೀಗಿದೆ ಎಂದಿಟ್ಟುಕೊಳ್ಳಿ: ಕಾಂತಿಮಾನ (ಪ್ರಕಾಶದ ಅಳತೆ) −3.4, ಶುರು 19:04 ವಾಯವ್ಯ 10°, ಗರಿಷ್ಠ 19:07 ಈಶಾನ್ಯ 62°, ಕೊನೆ 19:09 ಪೂರ್ವ 31°. ಏಳು ಗಂಟೆ ನಾಲ್ಕು ನಿಮಿಷಕ್ಕೆ ವಾಯವ್ಯದಲ್ಲಿ ಒಂದು ಮುಷ್ಟಿ ಎತ್ತರದಲ್ಲಿ ಕಾಣಿಸಿಕೊಳ್ಳುತ್ತದೆ, ಮೂರು ನಿಮಿಷದಲ್ಲಿ ಈಶಾನ್ಯದಲ್ಲಿ ಆರು ಮುಷ್ಟಿ ಮೇಲೇರುತ್ತದೆ. ಕೊನೆ 31° ಎಂಬುದನ್ನು ಗಮನಿಸಿ. ಅದು ದಿಗಂತದಲ್ಲಿ ಮುಳುಗುತ್ತಿಲ್ಲ, ಆಕಾಶದ ನಡುವೆಯೇ ಭೂಮಿಯ ನೆರಳಿಗೆ ಹೋಗಿ ಕೆಲವೇ ಸೆಕೆಂಡಿನಲ್ಲಿ ಆರಿಹೋಗುತ್ತದೆ. ನಿಲ್ದಾಣಕ್ಕೆ ತನ್ನದೇ ಬೆಳಕಿನ ಹೊಳಪಿಲ್ಲ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಇನ್ನೂ ಬಿಸಿಲಿದ್ದು, ನಮಗೆ ಕತ್ತಲಾಗಿರುವಾಗ ಮಾತ್ರ ಅದು ಕಾಣುತ್ತದೆ. ಹಾಗಾಗಿಯೇ ಸಂಜೆ ಮತ್ತು ನಸುಕಿನ ಹೊತ್ತು.

ಕಾಂತಿಮಾನದ ಸಂಖ್ಯೆ ಕಡಿಮೆಯಾದಷ್ಟೂ ಪ್ರಕಾಶ ಹೆಚ್ಚು. ಐದು ಅಂಕ ವ್ಯತ್ಯಾಸವೆಂದರೆ ನೂರು ಪಟ್ಟು. −1.5ರ ಲುಬ್ಧಕಕ್ಕಿಂತ −3.4 ಎಷ್ಟೋ ಹೆಚ್ಚು ಬೆಳಗುತ್ತದೆ, ನಗರದ ನಡುವೆಯೂ ಸಲೀಸಾಗಿ ಕಾಣುತ್ತದೆ. ಸಮಯವನ್ನು ಅದೇ ದಿನ ಇನ್ನೊಮ್ಮೆ ನೋಡಿಕೊಳ್ಳಿ. ನಿಲ್ದಾಣವನ್ನು ಆಗಾಗ ಮೇಲಕ್ಕೆ ತಳ್ಳುವುದರಿಂದ ವಾರದ ಹಿಂದಿನ ಲೆಕ್ಕ ಸ್ವಲ್ಪ ಆಚೀಚೆ ಆಗಿರುತ್ತದೆ.

ಕತ್ತಲು, ಮೋಡ

ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಕೆಡಲು ಒಂದು ವಾಟ್ಸಾಪ್ ಮೆಸೇಜಿನ ಬೆಳಕು ಸಾಕು. ಕತ್ತಲಲ್ಲಿ ಕೆಲಸ ಮಾಡುವ ಅಕ್ಷಿಪಟದ ದಂಡಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಗುವುದಿಲ್ಲ. ಅದಕ್ಕೇ ಈ ಆ್ಯಪ್‌ಗಳಲ್ಲಿ ಕೆಂಪು ನೈಟ್ ಮೋಡ್ ಇದೆ. ಅದು ಆ್ಯಪ್‌ನೊಳಗೆ ಮಾತ್ರ ಕೆಂಪು. ನೋಟಿಫಿಕೇಶನ್ ಬಂದರೆ ಬಿಳಿ ಬೆಳಕೇ. ಡು ನಾಟ್ ಡಿಸ್ಟರ್ಬ್ ಹಾಕಿ, ಬ್ರೈಟ್‌ನೆಸ್ ಪೂರ್ತಿ ಇಳಿಸಿ. ಎಲ್‌ಸಿಡಿ ಪರದೆಯಾದರೆ ಕಪ್ಪು ಭಾಗವೂ ಬೆಳಗುತ್ತದೆ, ಮೇಲೆ ಕೆಂಪು ಜಿಲೇಟಿನ್ ಹಾಳೆ ಅಂಟಿಸಬಹುದು.

ಎಲ್ಲಿಗೆ ಹೋಗಬೇಕೆಂದು ತಿಳಿಯಲು ಲೈಟ್ ಪೊಲ್ಯೂಷನ್ ಮ್ಯಾಪ್. ಕತ್ತಲನ್ನು ಬೋರ್ಟಲ್ ಮಾಪನದಲ್ಲಿ 1ರಿಂದ 9ರವರೆಗೆ ವಿಂಗಡಿಸುತ್ತಾರೆ. ಒಂದು ಅತಿ ಕಗ್ಗತ್ತಲು, ಒಂಬತ್ತು ಮಹಾನಗರದ ನಡುಮಧ್ಯ. ಮೋಡಕ್ಕೆ ವಿಂಡಿ ಅಥವಾ ಕ್ಲಿಯರ್ ಔಟ್‌ಸೈಡ್ ನೋಡಿ, ಅದರಲ್ಲೂ ಎತ್ತರದ ತೆಳುಮೋಡದ ಕಾಲಂ. ಹಗಲು ಗೊತ್ತೇ ಆಗದ ಆ ಮೋಡ ರಾತ್ರಿ ಮಸುಕು ನಕ್ಷತ್ರಗಳನ್ನೆಲ್ಲ ನುಂಗಿಬಿಡುತ್ತದೆ. ಮಲೆನಾಡಿನ ಕಡೆ ಹೋಗುವವರು ನಕ್ಷೆ, ಸಮಯ ಎಲ್ಲವನ್ನೂ ಊರಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬೆಟ್ಟದ ಮೇಲೆ ನೆಟ್‌ವರ್ಕ್ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ.

ನಮ್ಮ ಊರಿನ ಕತ್ತಲನ್ನು ದಾಖಲಿಸಲು ಗ್ಲೋಬ್ ಅಟ್ ನೈಟ್ ಎಂಬ ಯೋಜನೆ 2006ರಿಂದ ನಡೆಯುತ್ತಿದೆ. ಗೊತ್ತುಪಡಿಸಿದ ಪುಂಜದಲ್ಲಿ ಎಷ್ಟು ನಕ್ಷತ್ರ ಕಂಡವೆಂದು ಅವರ ಚಿತ್ರಗಳ ಜೊತೆ ಹೋಲಿಸಿ ಫೋನಿನಿಂದಲೇ ಕಳಿಸಬಹುದು. ಕನ್ನಡನಾಡಿನ ಊರುಗಳಿಂದ ಇಂಥ ದಾಖಲೆ ಇನ್ನಷ್ಟು ಹೋಗಬೇಕು ಎಂಬುದು ನನ್ನ ಆಸೆ.

ಗುರುಗ್ರಹದ ಚಂದ್ರರು: ಒಂದು ಅಭ್ಯಾಸ

1610ರ ಜನವರಿಯಲ್ಲಿ ಗೆಲಿಲಿಯೋ ಮಾಡಿದ್ದನ್ನೇ ನಾವೂ ಮಾಡಬಹುದು. 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರನ್ನು ಟ್ರೈಪಾಡಿಗೆ ಕಟ್ಟಿ ಅಥವಾ ಗೋಡೆಗೆ ಆನಿಸಿ ಹಿಡಿದು ಗುರುವನ್ನು ನೋಡಿ. ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಚಿಕ್ಕ ಚುಕ್ಕಿಗಳು ಕಾಣುತ್ತವೆ, ಕೆಲವು ರಾತ್ರಿ ನಾಲ್ಕು, ಕೆಲವು ರಾತ್ರಿ ಎರಡು ಮೂರು. ಕಂಡಷ್ಟನ್ನೇ ಕಾಗದದ ಮೇಲೆ ಬರೆದು, ಪಕ್ಕದಲ್ಲಿ ಸಮಯ ಹಾಕಿ. ಆ್ಯಪ್ ಇನ್ನೂ ತೆರೆಯಬೇಡಿ. ಮರುದಿನ ಅದೇ ಹೊತ್ತಿಗೆ ಮತ್ತೆ ಬರೆಯಿರಿ, ಹೀಗೆ ಒಂದು ವಾರ. ಈ ಚುಕ್ಕಿಗಳೇ ಗುರುವಿನ ಚಂದ್ರರು. ಅವುಗಳಲ್ಲಿ ಅಯೋ 1.77 ದಿನಕ್ಕೆ ಒಂದು ಸುತ್ತು ಮುಗಿಸುವುದರಿಂದ ಅದರ ಜಾಗ ಪ್ರತಿರಾತ್ರಿ ಬದಲು. ಕ್ಯಾಲಿಸ್ಟೋಗೆ ಹೆಚ್ಚುಕಡಿಮೆ 17 ದಿನ ಬೇಕು, ಅದು ನಿಧಾನವಾಗಿ ದೂರ ಸರಿಯುತ್ತಾ ಇರುತ್ತದೆ.

ವಾರದ ಕೊನೆಗೆ ಸ್ಟೆಲೇರಿಯಂನಲ್ಲೋ ಸ್ಕೈಸಫಾರಿಯಲ್ಲೋ ಗುರುವಿನ ಮೇಲೆ ಜೂಮ್ ಮಾಡಿ, ನೀವು ಬರೆದ ದಿನ ಮತ್ತು ಸಮಯಕ್ಕೆ ಗಡಿಯಾರ ತಿರುಗಿಸಿ, ಒಂದೊಂದು ಚುಕ್ಕಿಗೂ ಹೆಸರು ಹಾಕಿ. ಕಾಣದೆ ಹೋದ ಚಂದ್ರ ಗುರುವಿನ ಹಿಂದಿತ್ತೋ, ಮುಂದೆ ಹಾಯುತ್ತಿತ್ತೋ, ತೀರಾ ಹತ್ತಿರವಿದ್ದು ಪ್ರಕಾಶದಲ್ಲಿ ಮುಚ್ಚಿಹೋಗಿತ್ತೋ ಎಂಬುದೂ ತಿಳಿಯುತ್ತದೆ. ಟೆಲಿಸ್ಕೋಪಿನಲ್ಲಿ ನೋಡಿ ಬರೆದಿದ್ದರೆ ಒಂದು ಎಚ್ಚರ. ಕನ್ನಡಿ ಬಳಸುವ ನ್ಯೂಟೋನಿಯನ್ ಟೆಲಿಸ್ಕೋಪ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ, ಡಯಾಗೊನಲ್ (ನೋಟವನ್ನು ಬದಿಗೆ ತಿರುಗಿಸುವ ಕನ್ನಡಿ) ಹಾಕಿದ ಟೆಲಿಸ್ಕೋಪ್ ಎಡಬಲ ಅದಲುಬದಲು ಮಾಡುತ್ತದೆ. ಸ್ಕೈಸಫಾರಿಯಲ್ಲಿ ನಕ್ಷೆಯನ್ನೂ ಹಾಗೇ ತಿರುಗಿಸುವ ಆಯ್ಕೆ ಇದೆ. ತಾಳೆ ನೋಡುವ ಮೊದಲು ಅದನ್ನು ನಿಮ್ಮ ಟೆಲಿಸ್ಕೋಪಿಗೆ ಹೊಂದಿಸಿಕೊಳ್ಳಿ.