ಮೂರನೇ ಸೆಲ್ಫ್ ಮೋಟಾರು ಮತ್ತು ಒಂದು ಸತ್ತ ತ್ರೆಡ್

ಮೇಷ್ಟ್ರು ಹೊಸ ಸೆಲ್ಫ್ ಮೋಟಾರಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನಮ್ಮ ಗ್ಯಾರೇಜಿಗೆ ಬಂದರು. ಹನುಮಂತನಗರದವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ದಾರಿಯಲ್ಲಿ ಜೆ.ಸಿ. ರಸ್ತೆಗೆ ಹೋಗಿ ಮೋಟಾರನ್ನೂ ತಂದುಬಿಟ್ಟಿದ್ದರು. "ಇದನ್ನ ಹಾಕಿಬಿಡಪ್ಪಾ. ಒಂದೂವರೆ ವರ್ಷದಲ್ಲಿ ಇದು ಮೂರನೇದು" ಎಂದರು.

ಮೂರನೇದು ಅಂದ ಕೂಡಲೇ ನನಗೆ ಮೋಟಾರಿನ ಮೇಲಿದ್ದ ಅನುಮಾನ ಹೋಯಿತು. ಒಂದು ಮೋಟಾರು ಕೆಟ್ಟದ್ದು ಬರಬಹುದು. ಸಾಲಾಗಿ ಎರಡು ಬರುವುದು ಕಡಿಮೆ.

ಪುಸ್ತಕಗಳಲ್ಲಿ ಇದಕ್ಕೆ ಸ್ಟಾರ್ಟರ್ ಮೋಟಾರ್ ಅಂತ ಹೆಸರು. ಬೆಂಗಳೂರಿನ ಗ್ಯಾರೇಜುಗಳಲ್ಲಿ ಮಾತ್ರ ಯಾವತ್ತೂ 'ಸೆಲ್ಫ್'. ಹೆಸರಿಗೆ ಕಾರಣವಿದೆ. ಮೊದಲು ಕಾರಿನ ಮುಂದಿನಿಂದ ಹ್ಯಾಂಡಲ್ ಹಾಕಿ ಇಂಜಿನ್ ತಿರುಗಿಸಬೇಕಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಕರೆಂಟಿನ ಮೋಟಾರು ಬಂತು. ಕಾರು ತಾನೇ ಸ್ಟಾರ್ಟ್ ಆಗುತ್ತೆ, ಅದಕ್ಕೇ ಸೆಲ್ಫ್. ಆದರೂ ನಮ್ಮಲ್ಲಿ ಅಂಬಾಸಿಡರ್ ಇಟ್ಟುಕೊಂಡಿದ್ದವರು ಡಿಕ್ಕಿಯಲ್ಲಿ ಹ್ಯಾಂಡಲ್ಲನ್ನೂ ಇಟ್ಟುಕೊಂಡೇ ಇರುತ್ತಿದ್ದರು.

ಕೀ ತಿರುಗಿಸಿದಾಗ ಬರುವ ಸದ್ದಿನಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಟಕಟಕಟಕ ಅಂತ ಬೇಗಬೇಗ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿರುತ್ತದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿರುತ್ತದೆ. ಒಂದೇ ಸಲ 'ಟಕ್' ಅಂದು ಸುಮ್ಮನಾದರೆ ಸೊಲೆನಾಯ್ಡಿನ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚು) ಕಾಂಟಾಕ್ಟ್ ಸುಟ್ಟಿರಬಹುದು, ಕಾರ್ಬನ್ ಬ್ರಶ್ ಸವೆದಿರಬಹುದು. ಸೊಂಯ್ ಅಂತ ಮೋಟಾರು ಮಾತ್ರ ತಿರುಗಿ ಇಂಜಿನ್ ಅಲುಗಾಡದಿದ್ದರೆ ಬೆಂಡಿಕ್ಸ್, ಅಂದರೆ ಮೋಟಾರಿನ ಹಲ್ಲುಚಕ್ರವನ್ನು ಇಂಜಿನ್ನಿಗೆ ಜೋಡಿಸುವ ಭಾಗ, ಹೋಗಿದೆ. ಗರ್ರ್ ಅಂತ ಕೆರೆದರೆ ಮೋಟಾರಿನ ಪಿನಿಯನ್ ಅನ್ನುವ ಪುಟ್ಟ ಚಕ್ರದ ಹಲ್ಲು, ಇಂಜಿನ್ನಿನ ದೊಡ್ಡ ಚಕ್ರ ಫ್ಲೈವೀಲಿನ ಸುತ್ತ ಇರುವ ರಿಂಗಿನ ಹಲ್ಲು, ಎರಡೂ ಒಂದಕ್ಕೊಂದು ಸರಿಯಾಗಿ ಕೂರುತ್ತಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹದಿನೈದು ದಿನ ನಿಂತ ಕಾರು ಸೋಮವಾರ ಬೆಳಗ್ಗೆ ಟಕಟಕ ಅಂದರೆ, ದಯವಿಟ್ಟು ಮೊದಲು ಬ್ಯಾಟರಿ ನೋಡಿಸಿ. ಸೆಲ್ಫ್ ಬಿಚ್ಚಿಸಬೇಡಿ.

ಮೇಷ್ಟ್ರ ಕಾರು ಕೆಲವು ಸಲ ನಿಧಾನವಾಗಿ ತಿರುಗುತ್ತಿತ್ತು, ಕೆಲವು ಸಲ ಗರ್ರ್ ಅನ್ನುತ್ತಿತ್ತು. ಮೀಟರ್ ಹಿಡಿದೆ. ಬ್ಯಾಟರಿ 12.6 ವೋಲ್ಟ್, ತುಂಬಿದೆ. ಹುಡುಗನಿಗೆ ಕೀ ತಿರುಗಿಸಲು ಹೇಳಿದೆ. ತಿರುಗಿಸಿದಾಗ ಬ್ಯಾಟರಿಯಲ್ಲಿ 10.3, ಅದೂ ಸರಿಯೇ. ಆದರೆ ಮೋಟಾರಿನ ಮೇಲೆ ಸಿಕ್ಕಿದ್ದು ಬರೀ 8.9. ಉಳಿದ 1.4 ವೋಲ್ಟ್ ಎಲ್ಲಿ ಹೋಯಿತು? ಪಾಸಿಟಿವ್ ಕೇಬಲ್ಲಿನಲ್ಲಿ 0.3 ಹೋಗುತ್ತಿತ್ತು, ಅದು ಪರವಾಗಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಮೋಟಾರಿನ ಮೈಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು ಕೀ ತಿರುಗಿಸಿದಾಗ 1.1 ತೋರಿಸಿತು. ಅಲ್ಲಿ 0.2, 0.3 ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅರ್ಧ ವೋಲ್ಟ್ ದಾಟಿತೆಂದರೆ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಕೆಟ್ಟಿದೆ ಎಂದೇ ಲೆಕ್ಕ.

ಜಾಸ್ತಿ ಜನ ಮರೆಯುವುದು ಇದನ್ನೇ. ಸೆಲ್ಫ್ ಮೋಟಾರಿಗೆ ಪಾಸಿಟಿವ್‌ಗೆ ದಪ್ಪ ಕೇಬಲ್ ಇರುತ್ತದೆ. ನೆಗೆಟಿವ್‌ಗೆ ಹೆಚ್ಚಿನ ಕಾರುಗಳಲ್ಲಿ ಬೇರೆ ವೈರೇ ಇಲ್ಲ. ಅದರ ಮೈಯೇ ನೆಗೆಟಿವ್. ಗೇರ್‌ಬಾಕ್ಸಿನ ಹೌಸಿಂಗಿಗೆ, ಅಂದರೆ ಅದರ ಹೊರಕವಚಕ್ಕೆ, ಮೋಟಾರಿನ ಮುಖ ಗಟ್ಟಿಯಾಗಿ ಒತ್ತಿಕೊಂಡಿದ್ದರೆ ಮಾತ್ರ ಕರೆಂಟಿಗೆ ದಾರಿ. ಆ ಒತ್ತಡ ಕೊಡುವುದು ಎರಡೇ ಬೋಲ್ಟು, ಕೆಲವು ಕಾರಿನಲ್ಲಿ ಮೂರು. ಸಣ್ಣ ಕಾರಿನ ಸೆಲ್ಫ್ ಕೂಡ ನೂರು, ನೂರೈವತ್ತು ಆಂಪಿಯರ್ ಎಳೆಯುತ್ತದೆ. "ಸಾರ್, ಲೆಕ್ಕ ನೀವೇ ಹಾಕಿ" ಎಂದೆ ಮೇಷ್ಟ್ರಿಗೆ. "ಒಂದು ಓಮಿನ ಇನ್ನೂರನೇ ಒಂದು ಭಾಗ ಅಡ್ಡ ಬಂದರೂ ಎಷ್ಟು ಹೋಗುತ್ತೆ?" ಅವರು ಕಣ್ಣು ಮುಚ್ಚಿ, "ನೂರೈವತ್ತಕ್ಕೆ ಮುಕ್ಕಾಲು ವೋಲ್ಟು" ಎಂದರು. ತಟಕ್ಕನೆ ಡಬ್ಬಿಯನ್ನು ಬೆಂಚಿನ ಮೇಲಿಟ್ಟರು.

ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿದೆವು. ಇದು ಶಾಸ್ತ್ರಕ್ಕೆ ಮಾಡುವುದಲ್ಲ. ಸೆಲ್ಫಿಗೆ ಬರುವ ದಪ್ಪ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ, ಕೀ ತೆಗೆದಿದ್ದರೂ ಅದರಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸ್ಪ್ಯಾನರ್ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಬಾಡಿಗೆ ತಾಗಿದರೆ ಅಲ್ಲೇ ವೆಲ್ಡ್ ಆಗಿ ಕೂರುತ್ತದೆ. ನನ್ನ ಹತ್ತಿರ ಹಾಗೆ ಅರ್ಧ ಸುಟ್ಟ 12ರ ರಿಂಗ್ ಸ್ಪ್ಯಾನರ್ ಒಂದಿದೆ. ಕೆಲಸ ಕಲಿಯುವ ಹುಡುಗರಿಗೆ ಮೊದಲ ದಿನ ತೋರಿಸುತ್ತೇನೆ. ಕಾರಿನ ಕೆಳಗೆ ಹೋಗಬೇಕಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ಕೆಳಗಿನ ಬೋಲ್ಟ್ ಚೆನ್ನಾಗಿಯೇ ಬಿಗಿಯಾಗಿತ್ತು. ಮೇಲಿನದ್ದು ಬೆರಳಿನಲ್ಲೇ ತಿರುಗಿ ಕೈಗೆ ಬಂತು. ಅದರ ಹಲ್ಲುಗಳ ನಡುವೆ ಬೆಳ್ಳಗೆ ಸಣ್ಣ ಸ್ಪ್ರಿಂಗಿನಂಥದ್ದು ಸುತ್ತಿಕೊಂಡಿತ್ತು. ಅದು ಹೌಸಿಂಗಿನ ಅಲ್ಯೂಮಿನಿಯಂ ತ್ರೆಡ್, ಅಂದರೆ ತೂತಿನೊಳಗೆ ಬೋಲ್ಟ್ ಕಚ್ಚುವ ಸುತ್ತುಗೆರೆ, ಪೂರ್ತಿಯಾಗಿ ಕಿತ್ತು ಬಂದಿತ್ತು. ಜೊತೆಗೆ ವೈರಿನಿಂದ ಬಿಡಿಸಿದ ಎರಡು ತಾಮ್ರದ ಎಳೆ. ಯಾರೋ ಪುಣ್ಯಾತ್ಮ ಸಡಿಲ ತೂತಿಗೆ ತಾಮ್ರ ತುರುಕಿ ಬೋಲ್ಟ್ ಕೂರಿಸಿ ಕಳಿಸಿದ್ದಾನೆ. ಒಂದು ವಾರ ನಿಂತಿರುತ್ತದೆ. ಆಮೇಲೆ ಪ್ರತಿ ಸಲ ಕೀ ತಿರುಗಿಸಿದಾಗಲೂ ಮೋಟಾರು ಸ್ವಲ್ಪ ಓರೆಯಾಗುತ್ತದೆ. ಓರೆಯಾದರೆ ಪಿನಿಯನ್ ಹಲ್ಲಿನ ತುದಿ ಮಾತ್ರ ಕಚ್ಚುತ್ತದೆ. ಅರ್ತ್ ಕೂಡ ಬಿಟ್ಟು ಬಿಟ್ಟು ಸಿಗುತ್ತದೆ, ವೋಲ್ಟ್ ಇಳಿದು ಸೊಲೆನಾಯ್ಡ್ ಬಡಿದುಕೊಂಡು ಕಾಂಟಾಕ್ಟ್ ಸುಡುತ್ತದೆ. ಎರಡನೇ ಮೋಟಾರು ಸತ್ತಿದ್ದು ಹೀಗೆ.

ತ್ರೆಡ್ ಹೋಗಿದ್ದು ಹೇಗೆ? ಬೋಲ್ಟನ್ನು ತ್ರೆಡ್ ಅಳೆಯುವ ಗೇಜಿಗೆ ಹಿಡಿದು ನೋಡಿದೆ. ಎಂ10, ಅಂದರೆ ಹತ್ತು ಮಿಲಿಮೀಟರ್ ದಪ್ಪ. ಪಿಚ್, ಅಂದರೆ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಇರುವ ದೂರ, 1.5 ಮಿಲಿಮೀಟರ್. ಹೌಸಿಂಗಿನದ್ದು 1.25. ಜಪಾನ್, ಕೊರಿಯಾ ಕಡೆಯ ವಿನ್ಯಾಸದ ಕಾರುಗಳಲ್ಲಿ ಎಂ10ಕ್ಕೆ 1.25 ಪಿಚ್ ಮಾಮೂಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ10 ಕೊಡಿ ಅಂದರೆ ಸಿಗುವುದು 1.5. ನೋಡಲು ಎರಡೂ ಒಂದೇ. ಒಂದೆರಡು ಸುತ್ತು ಬೆರಳಿನಲ್ಲೇ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತಲ್ಲಾ ಅಂತ ಏರ್ ಗನ್ (ಗಾಳಿಯ ಒತ್ತಡದಿಂದ ಬೋಲ್ಟ್ ತಿರುಗಿಸುವ ಯಂತ್ರ) ಕೊಟ್ಟರೆ ಮುಗಿಯಿತು. ಉಕ್ಕಿನ ಬೋಲ್ಟಿಗೆ ಏನೂ ಆಗುವುದಿಲ್ಲ, ಅಲ್ಯೂಮಿನಿಯಂ ಬೆಣ್ಣೆಯ ಹಾಗೆ ಕತ್ತರಿಸುತ್ತದೆ. ಸರಿಯಾದ ಬೋಲ್ಟ್ ಇದ್ದರೂ ಇನ್ನೊಂದು ರೀತಿಯಲ್ಲಿ ಕೆಡಿಸಬಹುದು. ಮೋಟಾರಿನ ಭಾರವನ್ನೆಲ್ಲ ಒಂದು ಬೋಲ್ಟಿನ ಮೇಲೆ ಜೋತುಬಿಟ್ಟು ಇನ್ನೊಂದನ್ನು ಗನ್ನಿನಲ್ಲಿ ಹತ್ತಿಸಿದರೆ ಅದು ಓರೆಯಾಗಿ ಕಚ್ಚುತ್ತದೆ. ನಮ್ಮಲ್ಲಿ ಒಬ್ಬ ಮೋಟಾರನ್ನು ಕೈಯಲ್ಲಿ ಎತ್ತಿ ಹಿಡಿದಿರುತ್ತಾನೆ, ಎರಡೂ ಬೋಲ್ಟು ನಾಲ್ಕೈದು ಸುತ್ತು ಬೆರಳಿನಲ್ಲೇ ಹೋದ ಮೇಲೆ ಸ್ಪ್ಯಾನರ್ ಮುಟ್ಟುತ್ತೇವೆ.

ಇಂಥ ತೂತಿಗೆ ಎಂ-ಸೀಲ್ ತುಂಬುವವರಿದ್ದಾರೆ. ದೊಡ್ಡ ಬೋಲ್ಟ್ ಹಾಕೋಣ ಅನ್ನುವವರೂ ಇದ್ದಾರೆ. ಎಂ12 ಹಾಕಿದರೆ ಬೋಲ್ಟ್ ಹಾಯುವ ಮೋಟಾರಿನ ಕಿವಿಯ ತೂತನ್ನೂ ಕೊರೆಯಬೇಕು, ಮುಂದಿನ ಮೋಟಾರಿಗೂ ಅದೇ ಗತಿ. ನಾನು ಹಾಕುವುದು ಹೆಲಿಕಾಯಿಲ್. ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ ಅದು. ಹೊರಗಿನ ಅಂಚು ಹೌಸಿಂಗಿಗೆ ಕಚ್ಚುತ್ತದೆ, ಒಳಗಿನ ಅಂಚು ಬೋಲ್ಟಿಗೆ ಹೊಸ ತ್ರೆಡ್ ಆಗುತ್ತದೆ. ಸರಿಯಾಗಿ ಹಾಕಿದರೆ ಮೊದಲಿದ್ದ ಅಲ್ಯೂಮಿನಿಯಂ ತ್ರೆಡ್‌ಗಿಂತ ಗಟ್ಟಿ. ಎಸ್.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಕಿಟ್ ಕೇಳಿ, ಆದರೆ ಪಿಚ್ ಹೇಳಿ ಕೇಳಿ.

ಕಷ್ಟ ಇರುವುದು ಡ್ರಿಲ್ಲನ್ನು ನೇರ ಹಿಡಿಯುವುದರಲ್ಲಿ. ಇಂಜಿನ್ ಬೇಯಲ್ಲಿ ಕೈ ತೂರುವುದೇ ಕಷ್ಟ, ಕಣ್ಣಳತೆ ಎಲ್ಲಿಂದ ಬರಬೇಕು? ಅದಕ್ಕೆ ನನ್ನದೊಂದು ಉಪಾಯವಿದೆ. ಶಿವಾಜಿನಗರದ ಗುಜರಿಯಿಂದ ಅದೇ ಮಾಡೆಲ್ಲಿನ ಸತ್ತ ಸೆಲ್ಫ್ ತಂದು, ಹಿಂಭಾಗವೆಲ್ಲ ಬಿಚ್ಚಿ ಬಿಸಾಕಿ, ಮುಂದಿನ ಅಲ್ಯೂಮಿನಿಯಂ ಮೂತಿ ಒಂದನ್ನೇ ಇಟ್ಟುಕೊಳ್ಳುತ್ತೇನೆ. ಅದನ್ನು ಹೌಸಿಂಗಿನ ಬಾಯಿಗೆ ಕೂರಿಸಿ, ಚೆನ್ನಾಗಿರುವ ಬೋಲ್ಟಿನಲ್ಲಿ ಬಿಗಿದರೆ, ಇನ್ನೊಂದು ಕಿವಿಯ ತೂತು ಡ್ರಿಲ್ಲಿಗೆ ದಾರಿ ತೋರಿಸುತ್ತದೆ. ಬೇಕೆಂದರೂ ಓರೆ ಹೋಗುವುದಿಲ್ಲ.

ಎಂ10, 1.25ಕ್ಕೆ ಸುಮಾರು 10.3 ಮಿಲಿಮೀಟರ್ ಡ್ರಿಲ್. ಅದಕ್ಕೂ ಮೊದಲು ಮೋಟಾರು ಕೂರುವ ದೊಡ್ಡ ಬಾಯಿಗೆ ಒಳಗಿನಿಂದ ಬಟ್ಟೆ ತುರುಕಿದೆ. ಚೂರು ಒಳಗೆ ಬಿದ್ದರೆ ಕ್ಲಚ್ಚಿನ ಹತ್ತಿರ ಹೋಗುತ್ತದೆ. ಡ್ರಿಲ್ಲಿನ ಗೀರುಗಳಿಗೆ ಗ್ರೀಸ್ ಮೆತ್ತಿದರೆ ಚೂರು ಅದಕ್ಕೇ ಅಂಟಿಕೊಂಡು ಹೊರಬರುತ್ತದೆ. ಆಮೇಲೆ ತೂತಿನೊಳಗೆ ತ್ರೆಡ್ ಕೊರೆಯುವ ಟ್ಯಾಪ್, ಅದೂ ಕಿಟ್ಟಿನದ್ದೇ. ಮಾಮೂಲಿ ಎಂ10 ಟ್ಯಾಪ್ ಇಲ್ಲಿ ಕೆಲಸಕ್ಕೆ ಬಾರದು, ಸುರುಳಿ ಕೂರಲು ಸ್ವಲ್ಪ ದೊಡ್ಡ ತ್ರೆಡ್ ಬೇಕು. ಸೀಮೆಎಣ್ಣೆ ಸಿಕ್ಕರೆ ಎರಡು ಹನಿ ಬಿಡಿ, ಇಲ್ಲದಿದ್ದರೆ ಡಬ್ಲ್ಯುಡಿ-40 ನಡೆಯುತ್ತೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಟ್ಯಾಪ್ ಸಲೀಸಾಗಿ ಹೋಗುವಾಗ ಕೈಗೆ ಒಂದು ನಯ ಸಿಗುತ್ತದೆ. ಬಿಗಿ ಹಿಡಿದ ಕೂಡಲೇ ಹಿಂದೆ ತಿರುಗಿಸಿ ಚೂರು ತೆಗೆಯಬೇಕು. ಹಟ ಮಾಡಿದರೆ ಟ್ಯಾಪ್ ಒಳಗೇ ಮುರಿಯುತ್ತದೆ. ಆಮೇಲೆ ಗೇರ್‌ಬಾಕ್ಸ್ ಇಳಿಸುವ ಮಾತೇ.

ಸುರುಳಿಯನ್ನು ಅದರ ಕೈಹಿಡಿಗೆ ಸಿಕ್ಕಿಸಿ, ಒತ್ತದೆ, ತಿರುಗಿಸುತ್ತಾ ಇಳಿಸಬೇಕು. ಮೇಲಿನ ತುದಿ ಹೌಸಿಂಗಿನ ಮಟ್ಟಕ್ಕಿಂತ ಅರ್ಧ ಸುತ್ತು ಕೆಳಗಿರಲಿ. ಮೇಲೆ ಉಳಿದರೆ ಮೋಟಾರಿನ ಮುಖ ಕೂರುವುದಿಲ್ಲ. ತಳದಲ್ಲಿ ಅಡ್ಡಲಾಗಿ ಒಂದು ಚಿಕ್ಕ ನಾಲಿಗೆ ಇರುತ್ತದೆ. ಅದನ್ನು ಮುರಿದು ಹೊರಗೆ ತೆಗೆಯಬೇಕು. ತೆಗೆದದ್ದನ್ನು ಹುಡುಗ ಅಂಗೈಯಲ್ಲಿ ಇಟ್ಟು ತೋರಿಸುವವರೆಗೆ ನಾನು ಮುಂದಿನ ಕೆಲಸಕ್ಕೆ ಹೋಗುವುದಿಲ್ಲ.

ಹೌಸಿಂಗಿನ ಮುಖ, ಮೋಟಾರಿನ ಮುಖ ಎರಡಕ್ಕೂ ತಂತಿ ಬ್ರಶ್ ಹಾಕಿ ಉಜ್ಜಿದೆವು. ಹೊಸ ಮೋಟಾರುಗಳಿಗೆ ಕೆಲವು ಸಲ ಆ ಮುಖಕ್ಕೂ ಪೇಂಟ್ ಹೊಡೆದಿರುತ್ತಾರೆ, ಅದು ಅರ್ತಿಗೆ ಅಡ್ಡ. ಬೋಲ್ಟು ಎರಡೂ ಹೊಸದು, 1.25ರದ್ದೇ. ಬಿಗಿ ಎಷ್ಟು ಅನ್ನುವುದು ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಬಿಗಿ ಅಳೆಯುವ ಟಾರ್ಕ್ ರೆಂಚ್ 'ಕಟ್' ಅಂದ ಮೇಲೆ ಇನ್ನೊಂಚೂರು ಅಂತ ಎಳೆಯುವ ಚಟ ನಮ್ಮ ಹುಡುಗರಿಗಿದೆ. ಸೊಲೆನಾಯ್ಡಿನ ತಾಮ್ರದ ಸ್ಟಡ್ ಮೇಲಿನ ನಟ್ಟಿಗಂತೂ ಆ ಚಟ ಬೇಡ, ಸ್ಟಡ್ ಒಳಗೇ ತಿರುಚಿಕೊಳ್ಳುತ್ತದೆ.

ನೆಗೆಟಿವ್ ಕೊನೆಗೆ ಹಾಕಿ ಕೀ ಕೊಟ್ಟೆವು. ಮೋಟಾರಿನ ಮೈಯಿಂದ ಬ್ಯಾಟರಿಗೆ ಈಗ 0.15 ವೋಲ್ಟ್. ಇಂಜಿನ್ ಎರಡನೇ ಸುತ್ತಿಗೇ ಹತ್ತಿಕೊಂಡಿತು. ಬಿಚ್ಚಿದ ಮೋಟಾರಿನ ಪಿನಿಯನ್ ಹಲ್ಲು ಒಂದು ಬದಿ ಚೂಪಾಗಿತ್ತು, ಕಾಂಟಾಕ್ಟ್ ಕಪ್ಪಾಗಿತ್ತು, ಹಾಗಾಗಿ ಮೂರನೆಯದನ್ನು ಹಾಕಲೇಬೇಕಾಯಿತು.

"ಹಾಗಾದ್ರೆ ಎರಡನೇದು ಸುಮ್ನೆ ದಂಡ ಅಲ್ವಾ?" ಎಂದರು ಮೇಷ್ಟ್ರು.

"ಹೌದು ಸಾರ್. ಅವತ್ತು ತ್ರೆಡ್ ರಿಪೇರಿ ಮಾಡಿದ್ದರೆ ಅದು ಇನ್ನೂ ಓಡ್ತಿತ್ತು."

ರಿಂಗಿನ ಹಲ್ಲನ್ನೂ ಟಾರ್ಚ್ ಹಾಕಿ ನೋಡಿದ್ದೆ. ನಾಲ್ಕು ಸಿಲಿಂಡರಿನ ಇಂಜಿನ್ ಆಫ್ ಆದಾಗ ಹೆಚ್ಚುಕಡಿಮೆ ಎರಡೇ ಜಾಗದಲ್ಲಿ ನಿಲ್ಲುತ್ತದೆ, ಹಾಗಾಗಿ ಸವೆಯುವುದೂ ಅಲ್ಲೇ. ಇವರದ್ದರಲ್ಲಿ ಒಂದು ಕಡೆ ಮೂರು ಹಲ್ಲಿನ ಅಂಚು ತಿಂದಿತ್ತು. ಅದಕ್ಕಾಗಿ ಈಗಲೇ ಗೇರ್‌ಬಾಕ್ಸ್ ಇಳಿಸುವುದು ಬೇಡ ಅನ್ನಿಸಿತು. "ಆಗೊಮ್ಮೆ ಈಗೊಮ್ಮೆ ಗರ್ರ್ ಅಂದರೆ ಗಾಬರಿಯಾಗಬೇಡಿ, ಕ್ಲಚ್ ಬದಲಿಸುವ ದಿನ ರಿಂಗ್ ಕೂಡ ಹಾಕೋಣ" ಅಂತ ಬಿಲ್ಲಿನ ಹಿಂದೆ ಬರೆದುಕೊಟ್ಟೆ.